ಕಲಿಕೆ ಹೆರಿಗೆ ಕೋಣೆಗೇ ಬರಲಿ

ಹುಟ್ಟಿದ ಕೂಸು ಅಳದಿದ್ದರೆ ಸಿಸ್ಟರ್ ಕೈಯಲ್ಲಿ ಉಳಿಯುವುದು ಒಂದೇ ನಿಮಿಷ. ಒಣಬಟ್ಟೆಯಲ್ಲಿ ಮೈ ಒರೆಸಬೇಕು, ಬೆನ್ನು ನೀವಬೇಕು. ಆಗಲೂ ಉಸಿರು ಬಾರದಿದ್ದರೆ ತಲೆಯನ್ನು ತುಸುವೇ ಹಿಂದಕ್ಕೆ ವಾಲಿಸಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಪುಟ್ಟ ಮಾಸ್ಕ್ ಕೂರಿಸಿ, ಅಂಬು ಬ್ಯಾಗ್ ಒತ್ತಬೇಕು. ಒತ್ತಿದಾಗ ಎದೆ ಏರಬೇಕು. ಏರದಿದ್ದರೆ ಮಾಸ್ಕಿನ ಅಂಚಿನಿಂದ ಗಾಳಿ ಸೋರುತ್ತಿದೆ, ಇಲ್ಲವೇ ಕತ್ತು ಮುಂದಕ್ಕೆ ಬಾಗಿದೆ ಎಂದರ್ಥ. ಸರಿಮಾಡಿ ಮತ್ತೆ ಒತ್ತಬೇಕು. ಇದೆಲ್ಲ ಆ ಅರವತ್ತು ಸೆಕೆಂಡಿನೊಳಗೆ ಶುರುವಾಗಬೇಕು. ಯಾದಗಿರಿ ಜಿಲ್ಲೆಯ ಶಹಾಪುರ ಅಥವಾ ಸುರಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಎರಡು ಗಂಟೆಗೆ ಈ ನಿಮಿಷ ಎದುರಾದರೆ ಅಲ್ಲಿ ಇರುವುದು ಬಹುತೇಕ ನೈಟ್ ಡ್ಯೂಟಿಯ ಒಬ್ಬ ನರ್ಸ್ ಮಾತ್ರ. ಮಕ್ಕಳ ತಜ್ಞರು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾರೆ, ಇಲ್ಲವೇ ಯಾದಗಿರಿಯಲ್ಲಿದ್ದಾರೆ. ಅವರಿಗೆ ಫೋನ್ ಹಚ್ಚುವಷ್ಟರಲ್ಲಿ ನಿಮಿಷ ಮುಗಿದಿರುತ್ತದೆ.

ಕೂಸುಗಳಲ್ಲಿ ಬಹುಪಾಲು ತಾವಾಗಿಯೇ ಉಸಿರೆಳೆದುಕೊಂಡು ಅಳುತ್ತವೆ. ಬ್ಯಾಗ್ ಹಿಡಿಯಬೇಕಾದ ಪ್ರಸಂಗ ಬರುವುದು ನೂರಕ್ಕೆ ಮೂರರಿಂದ ಆರು ಹೆರಿಗೆಗಳಲ್ಲಿ. ತಿಂಗಳಿಗೆ ಹತ್ತು ಹೆರಿಗೆ ನಡೆಯುವ ಕೇಂದ್ರವೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಅಲ್ಲಿ ವರ್ಷಕ್ಕೆ ನಾಲ್ಕರಿಂದ ಏಳು ಸಲ ಇಂಥ ಸಂದರ್ಭ ಬರಬಹುದು. ಪಾಳಿಯಲ್ಲಿ ಮೂವರು ನರ್ಸ್‌ಗಳಿದ್ದರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಒಂದೆರಡು ಸಲ. ಅಷ್ಟು ಅಪರೂಪಕ್ಕೆ ಬೇಕಾಗುವ ಕೆಲಸವನ್ನು ಕೈ ತಾನಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಮೂರು ವರ್ಷದ ಜಿಎನ್‌ಎಂ ಓದಿನಲ್ಲೋ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ನಲ್ಲೋ ಒಮ್ಮೆ ಕಲಿತು ಪರೀಕ್ಷೆಯಲ್ಲಿ ಪಾಸಾದದ್ದು ಆ ರಾತ್ರಿಗೆ ಸಾಲದು.

ನರ್ಸ್‌ಗಳ ಮುಂದುವರಿದ ಶಿಕ್ಷಣದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಸರ್ಟಿಫಿಕೇಟು, ಗಂಟೆ, ನೋಂದಣಿ ನವೀಕರಣಗಳ ಸುತ್ತಲೇ ಸುತ್ತುತ್ತದೆ. ಅವು ಬೇಡವೆಂದಲ್ಲ. ಆದರೆ ಯಾದಗಿರಿಯಂಥ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದದ್ದು, ಆ ಕಲಿಕೆ ನಡೆಯುವುದು ಎಲ್ಲಿ ಎಂದು. ಅದು ಹೆರಿಗೆ ಕೋಣೆಯಲ್ಲಿ, ವಾರ್ಡಿನಲ್ಲಿ, ಉಪಕೇಂದ್ರದಲ್ಲಿ, ಅಂದರೆ ಕೆಲಸ ನಡೆಯುವ ಜಾಗದಲ್ಲೇ ನಡೆಯಬೇಕು. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ನಡೆಯಬೇಕು. ಇದು ನನ್ನ ದೃಢ ಅಭಿಪ್ರಾಯ. ಅದಕ್ಕೆ ಆಧಾರಗಳೂ ಇವೆ.

ಮೊದಲ ಆಧಾರ ಬೆಳಗಾವಿಯದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಸರಳ ತರಬೇತಿಯನ್ನು ರೂಪಿಸಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಗ್ರಾಮೀಣ ಆರೋಗ್ಯ ಕೇಂದ್ರಗಳೂ ಆಸ್ಪತ್ರೆಗಳೂ ಸೇರಿದಂತೆ ಹೆರಿಗೆ ಮಾಡಿಸುವವರಿಗೆ ಅದನ್ನು ಕಲಿಸಿ, ಮೊದಲಿನ ಮತ್ತು ಆಮೇಲಿನ ಲೆಕ್ಕವನ್ನು 2013ರಲ್ಲಿ ಪ್ರಕಟಿಸಿತು. ಹೆರಿಗೆಯ ಹೊತ್ತಿಗೆ ಸತ್ತು ಹುಟ್ಟಿದವೆಂದು ಬರೆದುಕೊಂಡ ಕೂಸುಗಳ ಪ್ರಮಾಣ ನೂರಕ್ಕೆ 1.7ರಿಂದ 0.9ಕ್ಕೆ ಇಳಿದಿತ್ತು. ಈ ಅಂಕಿಯ ಒಳಗಿನ ಸಂಗತಿ ಕರುಳು ಚುರುಕ್ಕೆನಿಸುವಂಥದ್ದು. ಮುಂಚೆ ‘ಸತ್ತು ಹುಟ್ಟಿತು’ ಎಂದು ರಿಜಿಸ್ಟರಿನಲ್ಲಿ ಬರೆದಿದ್ದ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ, ಉಸಿರಾಡಿರಲಿಲ್ಲ ಅಷ್ಟೆ. ಗಾಳಿ ಕೊಟ್ಟರೆ ಬದುಕುತ್ತಿದ್ದವು.

ಎರಡನೆಯದು ತಾಂಜಾನಿಯಾದ ಹೈಡಮ್ ಎಂಬ ಹಳ್ಳಿಗಾಡಿನ ಆಸ್ಪತ್ರೆಯದು. ಅಲ್ಲಿ ಇದೇ ತರಬೇತಿಯನ್ನು ಒಂದು ದಿನ ಕೊಟ್ಟು ನೋಡಿದರು. ತಿಂಗಳುಗಳ ನಂತರವೂ ಬೊಂಬೆಯ ಮೇಲೆ ಹೆಚ್ಚಿನವರು ಚೆನ್ನಾಗಿ ಮಾಡಿ ತೋರಿಸಿದರು. ಆದರೆ ನಿಜವಾದ ಕೂಸುಗಳ ಆರೈಕೆಯಲ್ಲಿ ಏನೂ ಬದಲಾಗಿರಲಿಲ್ಲ. ಆಮೇಲೆ ಕ್ರಮ ಬದಲಿಸಿದರು. ಬೊಂಬೆಯನ್ನು ಹೆರಿಗೆ ಕೋಣೆಯಲ್ಲೇ ಇಟ್ಟು ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷದ ಅಭ್ಯಾಸ, ತಿಂಗಳಿಗೊಮ್ಮೆ ನಲವತ್ತು ನಿಮಿಷದ ಪುನರ್ ತರಬೇತಿ. ಮೊದಲ 24 ಗಂಟೆಯಲ್ಲಿ ತೀರಿಕೊಳ್ಳುವ ಕೂಸುಗಳ ಸಂಖ್ಯೆ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಪಾಠವೂ ಬೊಂಬೆಯೂ ಮೊದಲಿನವೇ ಆಗಿದ್ದವು. ಬದಲಾದದ್ದು ಜಾಗ ಮತ್ತು ಸರದಿ.

ಮೂರನೆಯ ಆಧಾರಕ್ಕೆ ದೂರ ಹೋಗಬೇಕಿಲ್ಲ, ಅದು ನಮ್ಮ ಸೀಮೆಯದೇ. ‘ಸುಕ್ಷೇಮ’ ಎಂಬ ಯೋಜನೆಯೊಂದು ಇಲ್ಲಿ ನಡೆದಿತ್ತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಮುಂತಾದವು ರಾಜ್ಯದ ಆರೋಗ್ಯ ಅಭಿಯಾನದೊಂದಿಗೆ ಕೂಡಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆಸಿದ ಕೆಲಸ ಅದು. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆಗಳ ಜೊತೆಗೆ, ಆಗಷ್ಟೇ, 2009ರ ಡಿಸೆಂಬರ್ 30ರಂದು, ಕಲಬುರಗಿಯಿಂದ ಬೇರೆಯಾಗಿದ್ದ ಯಾದಗಿರಿಯೂ ಅದರಲ್ಲಿತ್ತು. ಅದರ ಒಂದು ಮುಖ್ಯ ಭಾಗವೆಂದರೆ ಮೆಂಟರ್ ನರ್ಸ್. ಅನುಭವವಿರುವ ನರ್ಸ್‌ಗಳನ್ನೇ ಆರಿಸಿ, ಅವರಿಗೆ ಪ್ರತ್ಯೇಕ ತರಬೇತಿ ಕೊಟ್ಟು, 24 ಗಂಟೆಯೂ ಹೆರಿಗೆ ನಡೆಯುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸುತ್ತಿದ್ದರು. ಮೆಂಟರ್ ಒಂದು ಕೇಂದ್ರಕ್ಕೆ ಬಂದರೆ ಎರಡು ಮೂರು ದಿನ ಅಲ್ಲಿನವರ ಜೊತೆಯಲ್ಲೇ ಇದ್ದು, ಕೆಲವು ವಾರ ಕಳೆದು ಮತ್ತೆ ಬರುತ್ತಿದ್ದರು.

ಆಕೆ ತಪಾಸಣೆಗೆ ಬಂದ ಅಧಿಕಾರಿಯಾಗಿರಲಿಲ್ಲ. ಪಕ್ಕದಲ್ಲಿ ನಿಂತು ಹೆರಿಗೆ ನೋಡುವುದು, ಸಾವಕಾಶವಾದಾಗ ಹಳೆಯ ಕೇಸ್ ಶೀಟ್ ತೆಗೆದು ‘ಇಲ್ಲಿ ಬಿಪಿ ಏರಿದೆ, ಆಗ ಏನು ಮಾಡಿದ್ರಿ’ ಎಂದು ಕೇಳುವುದು, ಔಷಧಿ ಟ್ರೇಯಲ್ಲಿ ಏನೇನು ಇದೆ, ಯಾವುದು ಮುಗಿದಿದೆ ಎಂದು ಜೊತೆಗೂಡಿ ನೋಡುವುದು, ಇದು ಅವರ ಕೆಲಸದ ರೀತಿ. ಕೇಸ್ ಶೀಟನ್ನೇ ಹೊಸದಾಗಿ ರೂಪಿಸಿದ್ದರು. ಬರೆಯುತ್ತಾ ಹೋದಂತೆ ಮುಂದೆ ಏನು ನೋಡಬೇಕು, ಯಾವಾಗ ಮೇಲಿನ ಆಸ್ಪತ್ರೆಗೆ ಕಳಿಸಬೇಕು ಎಂದು ಅದೇ ನೆನಪಿಸುತ್ತಿತ್ತು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಕೇಂದ್ರಗಳಲ್ಲಿ ಇದನ್ನು ಪರೀಕ್ಷೆಗೇ ಒಡ್ಡಿದರು. ಅರ್ಧದಷ್ಟು ಕೇಂದ್ರಗಳಿಗೆ ಮೆಂಟರ್‌ಗಳು ಹೋದರು, ಉಳಿದ ಅರ್ಧಕ್ಕೆ ಹೋಗಲಿಲ್ಲ. ಹೋದ ಕಡೆ ಕೇಂದ್ರದ ಸಿದ್ಧತೆಯೂ ನರ್ಸ್‌ಗಳ ತಿಳಿವಳಿಕೆಯೂ ಮೇಲಾಗಿದ್ದವು. 54 ಕೇಂದ್ರಗಳನ್ನು ನೋಡಿಕೊಂಡದ್ದು ಕೇವಲ ಹನ್ನೊಂದು ಮಂದಿ ಮೆಂಟರ್‌ಗಳು ಎಂಬುದನ್ನು ಗಮನಿಸಬೇಕು. ಯಾದಗಿರಿಯಂಥ ಜಿಲ್ಲೆಗೆ ಇಂಥವರು ಬೆರಳೆಣಿಕೆಯಷ್ಟು ಇದ್ದರೂ ನಡೆಯುತ್ತದೆ.

ಯೋಜನೆಗಳಿಗೆ ಅವಧಿ ಇರುತ್ತದೆ. ಅವಧಿ ಮುಗಿದರೂ ಈ ಹುದ್ದೆ ಉಳಿಯಬೇಕಿತ್ತು. ಪ್ರತಿ ತಾಲ್ಲೂಕಿಗೆ ಒಬ್ಬ ಮೆಂಟರ್ ನರ್ಸ್ ಎಂಬುದು ಇಲಾಖೆಯ ಕಾಯಂ ವ್ಯವಸ್ಥೆಯೇ ಆಗಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕಾಲೇಜಿನಲ್ಲಿ ಕಲಿತದ್ದು ಮರೆಯುವುದು ಒಂದು ಸಮಸ್ಯೆಯಾದರೆ, ಕಲಿತದ್ದೇ ಹಳತಾಗುವುದು ಇನ್ನೊಂದು. ಇಪ್ಪತ್ತೈದರ ಹರೆಯದಲ್ಲಿ ಕೆಲಸಕ್ಕೆ ಸೇರಿದವರು ಅರವತ್ತಕ್ಕೆ ನಿವೃತ್ತರಾಗುವ ತನಕ ಮೂವತ್ತೈದು ವರ್ಷ. ಈಚಿನ ಇಪ್ಪತ್ತು ವರ್ಷಗಳಲ್ಲೇ ಹೆರಿಗೆ ಕೋಣೆಯಲ್ಲಿ ಎಷ್ಟೊಂದು ಬದಲಾಗಿದೆ ನೋಡಿ. ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿಗೆ ಕ್ಲಾಂಪ್ ಹಾಕುವುದು ವಾಡಿಕೆಯಾಗಿತ್ತು. ಈಗ ಕೂಸು ಚೆನ್ನಾಗಿದ್ದರೆ ಒಂದರಿಂದ ಮೂರು ನಿಮಿಷ ಕಾಯಬೇಕು, ಆ ರಕ್ತ ಕೂಸಿಗೆ ಸೇರಬೇಕು. ಎಲ್ಲ ಕೂಸುಗಳ ಬಾಯಿ ಮೂಗಿಗೂ ಸಕ್ಷನ್ ಹಾಕುತ್ತಿದ್ದರು. ಈಗ ಅಳುವ ಕೂಸಿಗೆ ಅದು ಬೇಡ. ಗರ್ಭಕೊರಳು ನಾಲ್ಕು ಸೆಂಟಿಮೀಟರ್ ತೆರೆದರೆ ಹೆರಿಗೆ ಚುರುಕಾಯಿತೆಂದು ಪಾರ್ಟೋಗ್ರಾಫ್, ಅಂದರೆ ಹೆರಿಗೆಯ ಪ್ರಗತಿ ಗುರುತಿಸುವ ನಕ್ಷೆ, ಶುರುಮಾಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನು ಐದಕ್ಕೆ ಏರಿಸಿತು, 2020ರಲ್ಲಿ ಹೊಸ ನಮೂನೆಯನ್ನೇ ಕೊಟ್ಟಿತು. ಬಾಣಂತಿಗೆ ರಕ್ತಸ್ರಾವ ನಿಲ್ಲದಿದ್ದಾಗ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮೊದಲೆಲ್ಲ ಕೊನೆಯ ಅಸ್ತ್ರ. 2017ರಿಂದ ಹೆರಿಗೆಯಾದ ಮೂರು ಗಂಟೆಯೊಳಗೆ, ಆದಷ್ಟು ಬೇಗ ಕೊಡಬೇಕೆಂಬ ಸಲಹೆ ಬಂದಿದೆ.

ರಕ್ತಸ್ರಾವದ ಮಾತು ಬಂದದ್ದರಿಂದ ಇನ್ನೊಂದು ಹೇಳಬೇಕು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ‘ಇ–ಮೋಟಿವ್’ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಹೆರಿಗೆಯಾದ ಹೆಂಗಸಿನ ಕೆಳಗೆ ಅಳತೆ ಗುರುತಿರುವ ಪ್ಲಾಸ್ಟಿಕ್ ಹಾಳೆ ಹಾಸಿ, ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಅಲ್ಲದೆ ಅಳತೆಯಲ್ಲಿ ನೋಡಿ, ಮಿತಿ ದಾಟಿದೊಡನೆ ಗರ್ಭಕೋಶದ ಮಸಾಜ್, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಶುರುಮಾಡಿದಾಗ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ 60ರಷ್ಟು ಕಡಿಮೆಯಾದವು. ಇದನ್ನೆಲ್ಲ ಮಾಡುವ ಕೈ ಬಹುತೇಕ ನರ್ಸ್‌ನದೇ. ಕರ್ನಾಟಕದಲ್ಲಿ 2018–20ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಕೇರಳದಲ್ಲಿ ಆ ಸಂಖ್ಯೆ 19. ಈ ಅಂತರವನ್ನು ತುಂಬುವುದರಲ್ಲಿ ಕಟ್ಟಡ, ಯಂತ್ರಗಳ ಪಾಲಿನಷ್ಟೇ ಇಂಥ ಕಲಿಕೆಯ ಪಾಲೂ ಇದೆ.

ಊರಿಗೆ ತಕ್ಕ ಕಲಿಕೆಯೂ ಬೇಕು. ಆಕ್ಸಿಟೋಸಿನ್ ಆಂಪ್ಯೂಲನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬೇಸಿಗೆಯಲ್ಲಿ ಯಾದಗಿರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕೈಗೆ ಸಿಗಲೆಂದು ಬೆಳಿಗ್ಗೆಯೇ ಟ್ರೇಯಲ್ಲಿ ತೆಗೆದಿಟ್ಟ ಆಂಪ್ಯೂಲ್ ಮಧ್ಯಾಹ್ನದ ಹೊತ್ತಿಗೂ ನೋಡಲು ಹಾಗೆಯೇ ಇರುತ್ತದೆ, ನೀರಿನಂತೆ ತಿಳಿ. ಶಕ್ತಿ ಕುಂದಿದ್ದು ಕಣ್ಣಿಗೆ ಕಾಣುವುದಿಲ್ಲ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತೊಡೆಗೆ ಚುಚ್ಚುವ ಆ ಹತ್ತು ಯುನಿಟ್ ಕೆಲಸ ಮಾಡದಿದ್ದರೆ ರಕ್ತ ನಿಲ್ಲದೆ ಹೋಗಬಹುದು. ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದ ಸ್ಲೈಡಿನಲ್ಲಿ ಇದು ಒಂದು ಸಾಲು. ಕೊಡೇಕಲ್ ಕಡೆಯ ಹೆರಿಗೆ ಕೋಣೆಯಲ್ಲಿ, ಕರೆಂಟ್ ಹೋದ ಮಧ್ಯಾಹ್ನದಲ್ಲಿ, ಫ್ರಿಜ್ ಎಷ್ಟು ಹೊತ್ತು ತಂಪು ಹಿಡಿಯುತ್ತದೆ, ಐಸ್ ಪ್ಯಾಕ್ ಎಲ್ಲಿದೆ ಎಂದು ಅಲ್ಲೇ ನಿಂತು ಗೊತ್ತುಮಾಡಿಕೊಳ್ಳಬೇಕಾದ ವಿಷಯ.

ಹಾವಿನ ಕಡಿತವೂ ಹಾಗೆಯೇ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ನೆಲ್ಲು ಹಬ್ಬಿದೆ, ಹತ್ತಿಯೂ ಇದೆ. ಗದ್ದೆಯ ಕೆಲಸದಲ್ಲಿ ಹಾವು ಕಡಿಸಿಕೊಂಡವರು ಮೊದಲು ಬರುವುದು ಹತ್ತಿರದ ದವಾಖಾನಿಗೆ. ಕೊಳಕುಮಂಡಲದ ವಿಷ ರಕ್ತಕ್ಕೆ ಸೇರಿದೆಯೇ ಎಂದು ತಿಳಿಯಲು ಲ್ಯಾಬ್ ಬೇಕಿಲ್ಲ. ಎರಡು ಮಿಲಿ ಲೀಟರ್ ತಾಜಾ ರಕ್ತವನ್ನು ಗಾಜಿನ ಕೊಳವೆಯಲ್ಲಿ ಹಾಕಿ, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ, ವಿಷನಿರೋಧಕ ಬೇಕು. ಆದರೆ ಕೊಳವೆ ಹೊಸದಾಗಿರಬೇಕು, ಒಣಗಿರಬೇಕು, ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್‌ನದಾದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ, ವಿಷವಿಲ್ಲದ ರಕ್ತವೂ ಹೆಪ್ಪುಗಟ್ಟದೆ ಮೋಸಮಾಡುತ್ತದೆ. ಒಳ್ಳೆಯ ಮನಸ್ಸಿನಿಂದ ಕೊಳವೆಯನ್ನು ಚೊಕ್ಕಟವಾಗಿ ತೊಳೆದಿಟ್ಟ ಸಿಸ್ಟರ್‌ಗೆ ಈ ಸೂಕ್ಷ್ಮವನ್ನು ಯಾರಾದರೂ ಪಕ್ಕದಲ್ಲಿ ನಿಂತು ಹೇಳಬೇಕಲ್ಲವೇ? 2024ರಲ್ಲಿ ರಾಜ್ಯ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪಟ್ಟಿಗೆ ಸೇರಿಸಿದೆ. ವರದಿ ಬರೆಯುವ ಕೈಗೆ ಈ ಪರೀಕ್ಷೆಯೂ ಕರಗತವಾಗಿರಬೇಕು.

ಈಗ ನಿಯಮಗಳತ್ತ ಬರೋಣ. ಭಾರತೀಯ ಶುಶ್ರೂಷಾ ಪರಿಷತ್ತಿನ ವ್ಯವಸ್ಥೆಯಂತೆ ನರ್ಸ್‌ಗಳ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಅದಕ್ಕೆ ಐದು ವರ್ಷದಲ್ಲಿ 150 ಗಂಟೆಗಳ ಮುಂದುವರಿದ ಕಲಿಕೆ ತೋರಿಸಬೇಕು. ವರ್ಷಕ್ಕೆ ಮೂವತ್ತು ಗಂಟೆ. ಉದ್ದೇಶ ಸರಿಯಾಗಿಯೇ ಇದೆ. ಬ್ರಿಟನ್ನಿನಲ್ಲಿ ಮೂರು ವರ್ಷಕ್ಕೊಮ್ಮೆ 35 ಗಂಟೆ ಕೇಳುತ್ತಾರೆ. ನಮ್ಮ ಲೆಕ್ಕ ಅದಕ್ಕಿಂತ ಹೆಚ್ಚು. ಆದರೆ ಅಲ್ಲಿ ತಾನು ಕೆಲಸದಲ್ಲಿ ಏನು ಕಲಿತೆ, ಅದರಿಂದ ಏನು ಬದಲಿಸಿಕೊಂಡೆ ಎಂದು ನರ್ಸ್ ಬರೆದು ಇನ್ನೊಬ್ಬರ ಜೊತೆ ಚರ್ಚಿಸಬೇಕೆಂಬ ಷರತ್ತೂ ಇದೆ. ಅದು ನನಗೆ ಹೆಚ್ಚು ಹಿಡಿಸುತ್ತದೆ.

ನಮ್ಮ ಮೂವತ್ತು ಗಂಟೆಗಳನ್ನು ಸಮ್ಮೇಳನ, ಕಾರ್ಯಾಗಾರಗಳಿಂದಲೇ ತುಂಬಿಸುವುದಾದರೆ ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ ಐದು ದಿನ ಬೇಕು. ಅವು ನಡೆಯುವುದು ಹೆಚ್ಚಾಗಿ ಕಲಬುರಗಿಯಲ್ಲಿ, ಬೆಂಗಳೂರಿನಲ್ಲಿ. ಯಾದಗಿರಿಗೆ ರೈಲಿದೆ, ಶಹಾಪುರ, ಸುರಪುರಕ್ಕೆ ಇಲ್ಲ. ನಾರಾಯಣಪುರದ ಕಡೆಯವರಿಗೆ ಕಲಬುರಗಿಗೆ ಹೋಗಿ ಬರುವುದಕ್ಕೇ ದಿನ ಹೋಗುತ್ತದೆ. ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಹಿಂದಿನ ರಾತ್ರಿಯೇ ಹೊರಡುವುದು ಹೇಗೆ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಅವರು ಹೋದ ದಿನ ಹೆರಿಗೆ ಕೋಣೆಯಲ್ಲಿ ಯಾರಿರಬೇಕು ಎಂಬುದು. ಮೂವರಲ್ಲಿ ಒಬ್ಬರು ತರಬೇತಿಗೆ ಹೋದರೆ ಉಳಿದಿಬ್ಬರು ಹನ್ನೆರಡು ಗಂಟೆ ದುಡಿಯುತ್ತಾರೆ. ತನ್ನ ಕಲಿಕೆಗಾಗಿ ಗೆಳತಿಯರ ಮೇಲೆ ಹೊರೆ ಹಾಕಲು ಹಿಂಜರಿದು ಎಷ್ಟೋ ಮಂದಿ ತರಬೇತಿಯನ್ನೇ ಬಿಡುತ್ತಾರೆ.

ಸರ್ಕಾರದ್ದೇ ಆದ ಒಳ್ಳೆಯ ತರಬೇತಿಗಳು ಇಲ್ಲವೆಂದಲ್ಲ. ಹೆರಿಗೆ ಕೌಶಲ್ಯದ 21 ದಿನಗಳ ‘ಎಸ್‌ಬಿಎ’ ಇದೆ, ನವಜಾತ ಶಿಶುಗಳ ಆರೈಕೆಗೆ 2009ರಲ್ಲಿ ಶುರುವಾದ ಎರಡು ದಿನಗಳ ‘ಎನ್‌ಎಸ್‌ಎಸ್‌ಕೆ’ ಇದೆ, ಹೆರಿಗೆ ಕೋಣೆಯ ಆರೈಕೆಯ ಗುಣಮಟ್ಟಕ್ಕಾಗಿ 2015ರಿಂದ ‘ದಕ್ಷತಾ’, 2017ರ ಕೊನೆಯಿಂದ ‘ಲಕ್ಷ್ಯ’ ಇವೆ. ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನೇಮಕವಾದ ನರ್ಸ್‌ಗಳಿಗೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಇತ್ತು. ಕಲಿತ ಆರು ತಿಂಗಳಿಗೆ, ವರ್ಷಕ್ಕೆ ಯಾರಾದರೂ ಬಂದು ಕೈ ನೋಡಿದರೆ ಇವೆಲ್ಲವೂ ಉಳಿಯುತ್ತವೆ. ಆ ಕೊಂಡಿ ಮಾತ್ರ ತಪ್ಪಿದೆ.

ಭಾಷೆಯನ್ನೂ ಮರೆಯಬಾರದು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಇಂಥ ಜಿಲ್ಲೆಯ ಹೆಣ್ಣುಮಗಳೊಬ್ಬಳು ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ನರ್ಸಿಂಗ್ ಪಾಸಾಗಿ, ಬಿಳಿ ಕೋಟು ತೊಟ್ಟು ನಿಲ್ಲುವುದರ ಹಿಂದೆ ದೊಡ್ಡ ದುಡಿಮೆ ಇದೆ. ‘ಬ್ಯಾನಿ ಶುರು ಆಗ್ಯಾವ್ರೀ ಸಿಸ್ಟರ್, ಜಲ್ದಿ ನೋಡ್ರಿ’ ಎಂದು ಅತ್ತೆ ಓಡಿಬಂದಾಗ ಆಕೆ ಅದೇ ಮಾತಿನಲ್ಲಿ ಧೈರ್ಯ ಹೇಳುತ್ತಾಳೆ. ಆದರೆ ಆಕೆಗೆ ಸಿಗುವ ಹೊಸ ಮಾರ್ಗಸೂಚಿ, ಆನ್‌ಲೈನ್ ಪಾಠ ಬಹುತೇಕ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿರುತ್ತವೆ. ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇರಲಿ. ಯಾಕೆ ಕೊಡಬೇಕು, ಯಾವಾಗ ಕೊಡಬಾರದು ಎಂಬ ವಿವರಣೆ ಕನ್ನಡದಲ್ಲಿ ಬಂದರೆ ಅದು ಬೇಗ ಮನಸ್ಸಿಗಿಳಿಯುತ್ತದೆ, ಬಾಣಂತಿಗೂ ಹಾಗೆಯೇ ದಾಟುತ್ತದೆ.

ಈ ಭಾಗದ ನರ್ಸ್‌ಗಳ ಮೇಲೆ ಹೂಡುವ ಕಲಿಕೆ ಇಲ್ಲೇ ಉಳಿಯುತ್ತದೆ ಎಂಬುದಕ್ಕೆ ಒಂದು ಗಟ್ಟಿ ಕಾರಣವಿದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ‘ಸಿ’ಯ ಶೇ 80ರಷ್ಟು ಸ್ಥಳೀಯರಿಗೆ ಮೀಸಲು. ಹೀಗೆ ಕಾಯಂ ಕೆಲಸಕ್ಕೆ ಸೇರಿದವರು ತಮ್ಮ ಸೀಮೆಯಲ್ಲೇ ಮೂರು ದಶಕ ದುಡಿಯುತ್ತಾರೆ. ಅವರಲ್ಲಿ ಹೆಚ್ಚು ಓದಬೇಕೆಂಬವರಿಗೆ ದಾರಿ ಇದೆ: ಜಿಎನ್‌ಎಂ ಆದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಆಮೇಲೆ ಎಂಎಸ್ಸಿ, ನವಜಾತ ಶಿಶು, ತುರ್ತು ಚಿಕಿತ್ಸೆ ಮುಂತಾದ ವಿಷಯಗಳಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾ. ತೊಡಕಿರುವುದು ಓದಿ ಬಂದ ಮೇಲೆ. ಎಂಎಸ್ಸಿ ಮಾಡಿದವರು ಹೆಚ್ಚಾಗಿ ಬೋಧನೆಗೆ ಹೋಗುತ್ತಾರೆ, ರೋಗಿಯ ಹಾಸಿಗೆಯಿಂದ ದೂರವಾಗುತ್ತಾರೆ. ಅಲ್ಲೇ ಉಳಿದವರಿಗೆ ಓದಿಗೆ ತಕ್ಕ ಅಧಿಕಾರವಾಗಲಿ ಕೆಲಸವಾಗಲಿ ಬದಲಾಗುವುದಿಲ್ಲ, ಬಡ್ತಿ ಸೇವಾ ಹಿರಿತನದ ಸಾಲಿನಲ್ಲೇ ಸಾಗುತ್ತದೆ. ಗುರುಮಠಕಲ್ ದಾಟಿದರೆ ಸಿಗುವ ತೆಲಂಗಾಣ 2017ರಲ್ಲೇ ನರ್ಸ್‌ಗಳಿಗೆ ಹದಿನೆಂಟು ತಿಂಗಳ ವೃತ್ತಿಪರ ಸೂಲಗಿತ್ತಿ ತರಬೇತಿ ಶುರುಮಾಡಿತು, ಸಹಜ ಹೆರಿಗೆಗಳ ಹೊಣೆಯನ್ನು ಅವರಿಗೆ ವಹಿಸುವ ಉದ್ದೇಶದಿಂದ. ಕೇಂದ್ರ ಸರ್ಕಾರ 2018ರಲ್ಲಿ ಅದೇ ಮಾದರಿಯ ಮಾರ್ಗಸೂಚಿ ಹೊರಡಿಸಿತು. ಕಲಿತ ಕಲೆಗೆ ಹುದ್ದೆಯನ್ನೂ ಗೌರವವನ್ನೂ ಜೋಡಿಸುವ ಇಂಥ ಕ್ರಮ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಬೇಕು.

ಯಾದಗಿರಿಗೆ ಈಗ ಒಂದು ಅವಕಾಶ ತೆರೆದಿದೆ. 2022ರಲ್ಲಿ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾಯಿತು. 2014ರ ನಂತರ ಬಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮಗ್ಗುಲಿಗೇ 157 ನರ್ಸಿಂಗ್ ಕಾಲೇಜು ತೆರೆಯುವ ಯೋಜನೆಗೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದೇ ವರ್ಷ ಬಂದ ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆ 1947ರ ಹಳೆಯ ಕಾನೂನಿನ ಜಾಗಕ್ಕೆ ಹೊಸ ವ್ಯವಸ್ಥೆ ತರಲಿದೆ. ವೈದ್ಯಕೀಯ ಕಾಲೇಜು ಇರುವ ಊರಿನಲ್ಲಿ ತಜ್ಞರಿದ್ದಾರೆ, ಕೌಶಲ್ಯ ಪ್ರಯೋಗಾಲಯ ಕಟ್ಟಬಹುದು. ಅದರ ಬಾಗಿಲು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ವಡಗೇರಾ, ಹುಣಸಗಿಗಳ ಕೇಂದ್ರಗಳಲ್ಲಿ ಹದಿನೈದು ವರ್ಷ ದುಡಿದ ನರ್ಸ್‌ಗಳಿಗೂ ತೆರೆದಿರಬೇಕು. ಹಾಗೆಯೇ ಕಾಲೇಜಿನವರು ತಿಂಗಳಿಗೊಮ್ಮೆ ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಬೇಕು.

ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಕೆಲವು ಆದೇಶಗಳು ಬೇಕು. ಹೆರಿಗೆ ಕೋಣೆಯಲ್ಲಿ ಮೆಂಟರ್ ಮುಂದೆ ಮಾಡಿದ ಅಭ್ಯಾಸವನ್ನು ಆ 150 ಗಂಟೆಯ ಲೆಕ್ಕಕ್ಕೆ ಹಿಡಿಯುವ ಆದೇಶ ಮೊದಲನೆಯದು. ನರ್ಸ್ ತರಬೇತಿಗೆ ಹೋದ ದಿನ ಆಕೆಯ ಜಾಗಕ್ಕೆ ಬದಲಿ ನರ್ಸ್ ಬರುವಂತೆ ತಾಲ್ಲೂಕು ಮಟ್ಟದಲ್ಲಿ ಒಂದಿಬ್ಬರನ್ನು ಹೆಚ್ಚುವರಿಯಾಗಿ ಇಡುವುದು ಇನ್ನೊಂದು. ಮೆಂಟರ್‌ಗಳನ್ನು ಹೊರಗಿನಿಂದ ತರದೆ ಜಿಲ್ಲೆಯ ಹೆರಿಗೆ ಕೋಣೆಗಳಲ್ಲೇ ಪಳಗಿದವರಿಂದ ಆರಿಸಿ, ಅವರಿಗೆ ಹುದ್ದೆಯ ಹೆಸರು, ಭತ್ಯೆ, ಓಡಾಡಲು ವಾಹನ ಕೊಡಬೇಕು. ಮತ್ತು ಗುತ್ತಿಗೆ ಮೇಲಿರುವ ನರ್ಸ್‌ಗಳನ್ನು ಯಾವುದರಿಂದಲೂ ಹೊರಗಿಡಬಾರದು. ಆರೋಗ್ಯ ಅಭಿಯಾನದಡಿ ವರ್ಷ ವರ್ಷ ಕರಾರು ಬರೆದುಕೊಟ್ಟು ದುಡಿಯುವ ಇವರು ಕಾಯಂ ಸಿಸ್ಟರ್‌ಗಳ ಪಕ್ಕದಲ್ಲೇ ನಿಂತು ಅದೇ ಹೆರಿಗೆ ಮಾಡಿಸುತ್ತಾರೆ, ಅದೇ ನೈಟ್ ಡ್ಯೂಟಿ ಮಾಡುತ್ತಾರೆ. ಉನ್ನತ ಓದಿಗೆ ಸಂಬಳಸಹಿತ ಡೆಪ್ಯುಟೇಷನ್ ಸಿಗುವುದು ಕಾಯಂ ನೌಕರರಿಗೆ. ಗುತ್ತಿಗೆಯವರು ಓದಬೇಕೆಂದರೆ ಕೆಲಸವನ್ನೇ ಬಿಡಬೇಕು. ಐದು ವರ್ಷ ಸೇವೆ ಮುಗಿಸಿದ ಗುತ್ತಿಗೆ ನರ್ಸ್‌ಗಳಿಗೂ ಡೆಪ್ಯುಟೇಷನ್‌ನಲ್ಲಿ ಒಂದು ಪಾಲು ಇರಲಿ, ಓದಿ ಬಂದ ಮೇಲೆ ಇದೇ ಜಿಲ್ಲೆಯಲ್ಲಿ ಇಂತಿಷ್ಟು ವರ್ಷ ದುಡಿಯುತ್ತೇವೆಂದು ಅವರಿಂದ ಬರೆಸಿಕೊಂಡರೂ ಸರಿಯೇ.